ಮೈನಸ್ ಎಂಬತ್ತು, ಒಂದು ಕಂಬಳಿ, ಎರಡು ಎಳೆ ದರ್ಭೆ

ನಮ್ಮ ನಿಯಮಾವಳಿಯನ್ನು ಬರೆದವರು ಹೊಸಪೇಟೆ ಕಡೆಯ ಜನರನ್ನು ಕಂಡವರಲ್ಲ. ಕಂಡಿದ್ದರೆ ಇನ್ನೂ ನಲವತ್ತು ಪುಟ ಬರೆಯುತ್ತಿದ್ದರು. ಬರೆಯದೆ ಬಿಟ್ಟ ಆ ನಲವತ್ತು ಪುಟಗಳಿಗೆ ಸೇರಬೇಕಾದ ಏನಾದರೊಂದು ಪ್ರತಿ ವಾರ ನನ್ನ ಮೇಜಿನ ಮುಂದೆ ಬಂದು ನಿಲ್ಲುತ್ತದೆ. ಕೆಲವನ್ನು ಕ್ರಮವಾಗಿ ದಾಖಲಿಸುತ್ತೇನೆ.

ಮೊದಲು ಹಿನ್ನೆಲೆ. ನಾನು ಶುಶ್ರೂಷಾ ಮೇಲ್ವಿಚಾರಕಿಯಾಗಿ ನಿವೃತ್ತಳಾದವಳು. ನಿವೃತ್ತಿಯ ಮರುವರ್ಷ ನಮ್ಮೂರಿನ ಒಂದು ಆಸ್ಪತ್ರೆಯವರು ಕರೆದು ಒಂದು ಕೋಣೆ, ಒಂದು ಮೇಜು, ಮೇಲಿನಿಂದ ಮುಚ್ಚಳ ತೆರೆಯುವ ಒಂದು ದೊಡ್ಡ ಫ್ರೀಜರ್ ತೋರಿಸಿದರು. ಅದರೊಳಗೆ ಸದಾ ಮೈನಸ್ ಎಂಬತ್ತು ಡಿಗ್ರಿ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಕ್ಯಾನ್ಸರ್ ಗಡ್ಡೆಯ ಒಂದು ಚೂರನ್ನು, ರೋಗಿಯ ಒಪ್ಪಿಗೆ ಪಡೆದು, ಸಣ್ಣ ಶೀಶೆಯಲ್ಲಿ ಹಾಕಿ ಅಲ್ಲಿಡಬೇಕು. ಇದಕ್ಕೆ ಬಯೋಬ್ಯಾಂಕ್ ಎನ್ನುತ್ತಾರೆ. ನಾನು ಮಾದರಿ ಭಂಡಾರ ಎನ್ನುತ್ತೇನೆ. ಇಂಥ ಭಂಡಾರಗಳು ಹಲವು ಊರುಗಳಲ್ಲಿವೆ. ಎಲ್ಲವೂ ಸೇರಿ ಒಂದು ಜಾಲ. ಎಲ್ಲಿಯೋ ಕುಳಿತ ಸಂಶೋಧಕರು ಇಂಥ ಗಡ್ಡೆ ಬೇಕು ಎಂದು ಕೇಳಿದರೆ, ಅದು ಯಾವ ಊರಿನಲ್ಲಿದೆಯೋ ಆ ಊರಿನವರು ಕಳುಹಿಸಬೇಕು. ಸಂಡೂರು, ಕಂಪ್ಲಿ, ಹಂಪಿ ಕಡೆಯ ರೋಗಿಗಳ ಮಾದರಿಗಳು ಬರುವುದು ನಮ್ಮ ಫ್ರೀಜರಿಗೆ.

ಜಾಲದವರು ನಮಗೆ ಕೊಟ್ಟದ್ದು ಒಂದು ವರ್ಷದ ಪರೀಕ್ಷಾವಧಿ. ವರ್ಷದ ಕೊನೆಗೆ ತಪಾಸಣೆ. ಒಂದು ಮಾದರಿ ಕೆಟ್ಟಿದ್ದರೂ, ಒಂದು ದಾಖಲೆ ತಪ್ಪಿದ್ದರೂ ಫ್ರೀಜರ್ ಬೇರೆ ಜಿಲ್ಲೆಯ ಪಾಲು. ನನ್ನ ಅಕ್ಕನಿಗೆ ಅನ್ನನಾಳದ ಕ್ಯಾನ್ಸರ್ ಆಗಿದ್ದಾಗ ದೊಡ್ಡ ಊರಿನ ವೈದ್ಯರು, ಈ ಔಷಧವನ್ನು ನಿಮ್ಮ ಕಡೆಯವರ ಗಡ್ಡೆಗಳ ಮೇಲೆ ಯಾರೂ ಪರೀಕ್ಷಿಸಿಲ್ಲ, ಫಲ ಹೇಳಲಾರೆ ಎಂದಿದ್ದರು. ಅಕ್ಕ ಉಳಿಯಲಿಲ್ಲ. ಫ್ರೀಜರ್ ಉಳಿಯಬೇಕು. ಗಂಭೀರ ವಿಷಯ ಇಷ್ಟೇ. ಮುಂದಿನದಕ್ಕೆ ನಾನು ಹೊಣೆಯಲ್ಲ.

೧. ಗಡಿಯಾರ ಕೊಟ್ಟವನ ಹೆಸರು

ನಿಯಮ ಮೂರು: ಶೀಶೆಯ ಮೇಲೆ ರೋಗಿಯ ಹೆಸರು ಇರಕೂಡದು. ಸಂಕೇತ ಸಂಖ್ಯೆ ಮಾತ್ರ. ಸಂಶೋಧಕರಿಗೆ ಗಡ್ಡೆ ತಿಳಿಯಬೇಕು, ಮನುಷ್ಯ ತಿಳಿಯಬಾರದು.

ಸಂಡೂರಿನ ಒಬ್ಬ ನಿವೃತ್ತ ಫೋರ್‌ಮನ್ ಥೈರಾಯ್ಡ್ ಗ್ರಂಥಿ ತೆಗೆಸಿಕೊಂಡರು. ಮ್ಯಾಂಗನೀಸ್ ಗಣಿಯಲ್ಲಿ ಮೂವತ್ತು ವರ್ಷ ಬಂಡೆ ಸಿಡಿಸುವ ಕೆಲಸ ಮಾಡಿಸಿದವರು. ಸಿಡಿತದ ಸದ್ದನ್ನು ಮೀರಿಸಿ ಕೂಗಿ ರೂಢಿ. ಕುತ್ತಿಗೆಗೆ ಹೊಲಿಗೆ ಬಿದ್ದ ಮೇಲೂ ದನಿ ಇಳಿದಿರಲಿಲ್ಲ. ಒಪ್ಪಿಗೆ ಪತ್ರಕ್ಕೆ ಸಂತೋಷದಿಂದ ಸಹಿ ಹಾಕಿದರು. ಹೊಲಿಗೆ ಬಿಚ್ಚಿಸಲು ಬಂದ ದಿನ ನೇರವಾಗಿ ನನ್ನ ಕೋಣೆಗೆ ಬಂದು ನಾಲ್ಕೂ ಗೋಡೆಗಳನ್ನು ಒಂದೊಂದಾಗಿ ನೋಡಿದರು. ಬಗ್ಗಿ ಫ್ರೀಜರಿನ ಹಿಂಭಾಗವನ್ನೂ ನೋಡಿದರು. ಏನು ಹುಡುಕುತ್ತಿದ್ದೀರಿ ಎಂದೆ.

"ನನ್ನ ಹೆಸರು ಎಲ್ಲಿ ಹಾಕೀರಿ?"

ಹೆಸರು ಹಾಕುವುದಿಲ್ಲ ಎಂದು ನಿಯಮ ಮೂರನ್ನು ಎರಡು ಸಲ ಓದಿ ಹೇಳಿದೆ. ಎರಡು ಸಲವೂ ಅವರು ತಲೆಯಾಡಿಸಿದರು, ಒಪ್ಪಿ ಅಲ್ಲ.

"ಅಲ್ರೀ ಅಮ್ಮಾರ, ನಮ್ಮ ಓಣಿ ಗುಡಿಗೆ ಒಬ್ಬಾವ ಒಂದು ಗ್ವಾಡಿ ಗಡಿಯಾರ ಕೊಟ್ಟಾನ. ಟೈಮ್ ಕಾಣದಂಗ ಹೆಸರು ಬರಸ್ಯಾನ. ಕೆಳಗ ಅವರಪ್ಪನ ಹೆಸರೂ ಐತಿ. ನಾನು ನನ್ನ ಗಂಟಲೊಳಗಿನ ಸಾಮಾನು ಕೊಟ್ಟೀನಿ. ನನಗೊಂದು ಹೆಸರಿನ ಕಲ್ಲು ಬ್ಯಾಡೇನು?"

ಹೆಸರನ್ನು ಮುಚ್ಚಿಡುವುದು ಅವರ ಹಿತಕ್ಕಾಗಿಯೇ, ಅವರಿಗೆ ಈ ರೋಗವಿತ್ತೆಂದು ಯಾರಿಗೂ ತಿಳಿಯಬಾರದಲ್ಲ ಎಂದೆ.

"ಇಡೀ ಸಂಡೂರಿಗೆ ಗೊತ್ತೈತಿ," ಎಂದರು. "ನಾನೇ ಹೇಳೀನಿ."

ಗುಟ್ಟನ್ನು ಕಾಪಾಡುವ ಕ್ರಮ ನಮ್ಮ ನಿಯಮಾವಳಿಯಲ್ಲಿದೆ. ಗುಟ್ಟೇ ಇಲ್ಲದವರನ್ನು ಏನು ಮಾಡಬೇಕೆಂಬುದು ಇಲ್ಲ. ಅಂದಿನಿಂದ ಅವರು ಪ್ರತಿ ತಪಾಸಣೆಗೆ ಬಂದಾಗಲೂ ನನ್ನ ಗೋಡೆಗಳನ್ನು ಪರಿಶೀಲಿಸಿ ಹೋಗುತ್ತಾರೆ. ಕುತ್ತಿಗೆಯನ್ನು ವೈದ್ಯರಿಗೆ ತೋರಿಸುವುದು ಆಮೇಲೆ.

೨. ಎಡಭಾಗ, ಮೇಲ್ಪದರ, ಒಂಬತ್ತು ಗ್ರಾಂ

ಸಂಡೂರಿನಲ್ಲಿ ತೆಗೆದ ಮಾದರಿ ನಮ್ಮಲ್ಲಿಗೆ ಬರುವುದು ಬಸ್ಸಿನಲ್ಲಿ. ಒಂದು ಬಿಳಿಯ ಥರ್ಮೋಕೋಲ್ ಪೆಟ್ಟಿಗೆ, ಒಳಗೆ ಶೀಶೆಗಳು, ಸುತ್ತ ಒಣ ಮಂಜುಗಡ್ಡೆ. ಅದು ಕರಗಿ ನೀರಾಗುವುದಿಲ್ಲ, ಹೊಗೆಯಾಗುತ್ತದೆ. ತರುವವನು ನಮ್ಮ ವಾರ್ಡಿನ ಹಳೆಯ ಪರಿಚಾರಕ. ಅವನಿಗೆ ನಾನು ಕೊಟ್ಟ ಆಜ್ಞೆ ಎರಡು. ಒಳಗೇನಿದೆ ಎಂದು ಯಾರಿಗೂ ಹೇಳಬಾರದು. ಸುಳ್ಳನ್ನೂ ಹೇಳಬಾರದು.

ಎರಡನ್ನೂ ಅವನು ಪಾಲಿಸಿದ. ಒಂದು ದಿನ ಮಡಿಲಿನ ಪೆಟ್ಟಿಗೆ ಹೊಗೆಯಾಡತೊಡಗಿತು. ಪಕ್ಕದವರು ಏನದು ಎಂದರು. ಹೇಳುವ ಹಾಗಿಲ್ಲ ಎಂದ. ಹೇಳುವ ಹಾಗಿಲ್ಲದ್ದು ಬಸ್ಸಿನಲ್ಲಿ ಯಾಕೆ ಹೊಗೆಯಾಡುತ್ತಿದೆ ಎಂದರು. ಅದನ್ನೂ ಹೇಳುವ ಹಾಗಿಲ್ಲ ಎಂದ. ಅರ್ಧ ಬಸ್ಸು ಮದುವೆಯ ಐಸ್‌ಕ್ರೀಮ್ ಎಂದಿತು. ಇನ್ನರ್ಧ ಬಂಡೆ ಸಿಡಿಸುವ ಮದ್ದು ಎಂದಿತು. ಮದ್ದು ಎಂದ ಅರ್ಧ ಎದ್ದು ಹಿಂದಿನ ಸೀಟುಗಳಿಗೆ ಹೋಯಿತು. ಕಂಡಕ್ಟರ್ ಸೀಟಿ ಊದಿ, ಅದಿರಿನ ಲಾರಿಗಳನ್ನು ನಿಲ್ಲಿಸುವ ಚೆಕ್‌ಪೋಸ್ಟಿನ ಬಳಿ ಬಸ್ಸನ್ನೇ ನಿಲ್ಲಿಸಿದ.

ಚೆಕ್‌ಪೋಸ್ಟಿನ ಕಾವಲುಗಾರ ಬಂದು, ಕಾಗದ ತೆಗೆಯಿರಿ ಎಂದ. ಅಲ್ಲಿ ಅದು ಬಾಯಿಪಾಠ. ಅವನು ಅದನ್ನು ಮದುವೆಯ ದಿಬ್ಬಣಕ್ಕೂ ಹೇಳಬಲ್ಲ. ಪರಿಚಾರಕ ನನ್ನ ನಮೂನೆಯನ್ನು ಕೊಟ್ಟ. ಅದರಲ್ಲಿ ಹೆಸರಿಲ್ಲ, ರೋಗದ ಮಾತಿಲ್ಲ. ಇರುವ ಕಲಮುಗಳು ಇಷ್ಟೇ. ತೆಗೆದ ಜಾಗ: ಎಡಭಾಗ, ಮೇಲ್ಪದರ. ಆಳ: ಎರಡು ಸೆಂಟಿಮೀಟರ್. ತೂಕ: ಒಂಬತ್ತು ಗ್ರಾಂ. ತೆಗೆದ ವೇಳೆ. ತಲುಪಬೇಕಾದ ಊರು: ಹೊಸಪೇಟೆ. ತೆಗೆಸಿದ ಅಧಿಕಾರಿಯ ಸಹಿ.

ಕಾವಲುಗಾರ ಒಂದೊಂದು ಕಲಮಿನ ಮೇಲೂ ಬೆರಳಿಟ್ಟು ಓದಿದ. ಮತ್ತೊಮ್ಮೆ ಓದಿದ. ಆಮೇಲೆ ಒಳಗೆ ಹೋಗಿ ತನ್ನ ಸಂಗಾತಿಯನ್ನು ಕರೆತಂದು ತೋರಿಸಿದ.

"ನೋಡಲೇ ಇಲ್ಲಿ. ಒಂಬತ್ತು ಗ್ರಾಮಿಗೆ ಎಷ್ಟು ಚಂದ ಪರ್ಮಿಟ್ ಮಾಡಿಸ್ಯಾರ. ಆಳ ಸೈತ ಬರದಾರ."

ಮೊಹರು ಒತ್ತಿ, ಬಸ್ಸನ್ನು ಬಿಟ್ಟ. ಆ ನಮೂನೆ ಜಾಲದ ಕೇಂದ್ರ ಕಚೇರಿಗೆ ಹೋಯಿತು. ಅಲ್ಲಿಂದ ಪ್ರಶ್ನೆ ಬಂತು: ಈ ಮೊಹರು ಯಾವ ಆಸ್ಪತ್ರೆಯದು? ನಾನು ಇದ್ದದ್ದನ್ನು ಬರೆದೆ. ಸಂಡೂರಿನಲ್ಲಿ ನೆಲದಿಂದ ತೆಗೆದದ್ದಕ್ಕೂ ಜನರಿಂದ ತೆಗೆದದ್ದಕ್ಕೂ ಒಂದೇ ಮೊಹರು.

೩. ಕಂಪ್ಲಿಯ ಹೆಣ್ಣುಮಗಳು

ಒಪ್ಪಿಗೆ ಪತ್ರ ನಾಲ್ಕು ಪುಟ. ಸಹಿಗೆ ಮೊದಲು ಪೂರ್ತಿ ಓದಿ ಹೇಳಬೇಕು. ನಾನು ಒಂದು ಸಾಲನ್ನೂ ಬಿಡುವವಳಲ್ಲ. ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ದುಡಿಯುವ ಒಬ್ಬ ಹೆಣ್ಣುಮಗಳಿಗೆ ಸ್ತನದ ಶಸ್ತ್ರಚಿಕಿತ್ಸೆ ನಿಗದಿಯಾಗಿತ್ತು. ಎದುರಿಗೆ ಕುಳಿತು ನಾಲ್ಕೂ ಪುಟ ಕೇಳಿದಳು. ಇದರಿಂದ ನಿಮಗೆ ಯಾವ ಲಾಭವೂ ಇಲ್ಲ, ಮುಂದೆ ಬರುವ ಬೇರೆಯವರಿಗೆ ಆಗಬಹುದು ಎಂದು ಓದಿದೆ. ಯಾರೂ ನಿಮ್ಮನ್ನು ಒತ್ತಾಯಿಸುವಂತಿಲ್ಲ ಎಂದು ಓದಿದೆ. ಯಾವಾಗ ಬೇಕಾದರೂ, ಕಾರಣ ಹೇಳದೆ, ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಬಹುದು ಎಂದು ಓದಿದೆ.

ಅಲ್ಲಿ ನಿಲ್ಲಿಸಿದಳು. ಆ ಕೊನೆಯ ಸಾಲನ್ನು ಇನ್ನೊಮ್ಮೆ ಓದಲು ಹೇಳಿದಳು. ಓದಿದೆ. ಬಾಗಿಲ ಬಳಿ ನಿಂತಿದ್ದ ಗಂಡನ ಕಡೆ ಒಮ್ಮೆ ನೋಡಿದಳು.

"ಒಂದು ಗಂಟು ಕೊಡಾಕ ಇಷ್ಟು ಕೇಳ್ತೀರಿ. ಇವರಿಗೆ ನನ್ನ ಕೊಡೋವಾಗ ಯಾರೂ ಒಂದು ಸಾಲು ಓದಲಿಲ್ಲ ನೋಡ್ರಿ."

ಸಹಿ ಮಾಡಿದಳು. ಗಂಡ ಆಮೇಲೆ ಆ ದಿನವೆಲ್ಲ ಹೊರಗೆಯೇ ಕುಳಿತಿದ್ದ.

೪. ಒಳಗಿನ ನೆರೆಹೊರೆ

ಹಂಪಿ ಕಡೆಯ ಒಂದು ಸಣ್ಣ ಗುಡಿಯ ಅರ್ಚಕರು. ವೈಷ್ಣವರು, ಆಚಾರದಲ್ಲಿ ಕೂದಲೆಳೆಯಷ್ಟೂ ಸಡಿಲವಿಲ್ಲ. ಆ ಒಂದು ಗುಣಕ್ಕಾಗಿ ನನಗೆ ಅವರ ಮೇಲೆ ಗೌರವವಿದೆ. ಅವರ ಜಠರದಲ್ಲಿ ಗಡ್ಡೆ. ಈರುಳ್ಳಿಯನ್ನೇ ಕಂಡಿರದ ಜಠರ. ತೆಗೆದ ಚೂರು ಫ್ರೀಜರಿಗೆ ಬಂತು. ಚೇತರಿಸಿಕೊಂಡ ಮೇಲೆ ಅವರು ಒಂದು ಪ್ರಶ್ನೆ ಹಿಡಿದು ಬಂದರು: ತಮ್ಮದು ಯಾವ ಖಾನೆಯಲ್ಲಿದೆ, ಮೇಲಿನವರು ಯಾರು, ಕೆಳಗಿನವರು ಯಾರು?

ಹೇಳಲಾಗದು, ನಿಯಮ ಮೂರು ಎಂದೆ. ಹೆಸರು ಬೇಡ, ಏನು ತಿನ್ನುವವರು ಎಂದು ಹೇಳಿದರೆ ಸಾಕು ಎಂದರು. ಅದು ದಾಖಲೆಯಲ್ಲಿದೆ, ಆದರೆ ಹೇಳಲಾಗದು ಎಂದೆ. ಹಾಗಾದರೆ ನಡುವೆ ಒಂದು ಖಾನೆ ಖಾಲಿ ಬಿಡಿ ಎಂದರು. ಖಾಲಿ ಬಿಡಲು ಅದು ಪಂಕ್ತಿ ಭೋಜನವಲ್ಲ ಎಂದೆ. ಅರ್ಧ ಗಂಟೆ ಹೀಗೇ ನಡೆಯಿತು. ಕೊನೆಗೆ ನಾನು ಎದ್ದು ನಿಂತು ಹೇಳಿದೆ:

"ಆಚಾರ್ಯರೇ, ಮೈನಸ್ ಎಂಬತ್ತರಲ್ಲಿ ಯಾರೂ ಏನೂ ತಿನ್ನುವುದಿಲ್ಲ. ಒಳಗೆ ಎಲ್ಲರಿಗೂ ನಿತ್ಯ ಏಕಾದಶಿ."

ಅವರ ಮುಖ ಅರಳಿತು. ಹೊರಡುವಾಗ ಬಾಗಿಲಲ್ಲಿ ತಿರುಗಿ, ಗ್ರಹಣದ ದಿನ ಫ್ರೀಜರಿನ ಮೇಲೆ ಎರಡೆಳೆ ದರ್ಭೆ ಇಡುತ್ತೀರಲ್ಲ ಎಂದು ಕೇಳಿದರು. ಮನೆಯಲ್ಲಿ ಹಾಲು, ನೀರು, ಉಪ್ಪಿನಕಾಯಿಯ ಮೇಲೆ ಇಡುತ್ತೇವೆ, ತಮ್ಮದೂ ಇಲ್ಲಿ ಒಳಗಿದೆಯಲ್ಲ ಎಂದರು. ಲಿಖಿತ ಅನುಮತಿ ಇಲ್ಲದೆ ಫ್ರೀಜರಿನ ಮೇಲೆ ಯಾವ ವಸ್ತುವನ್ನೂ ಇಡಕೂಡದು ಎಂಬ ನಿಯಮ ಹನ್ನೊಂದನ್ನು ಓದಿ ಹೇಳಿದೆ. ಉಪ್ಪಿನಕಾಯಿಗೆ ಲಿಖಿತ ಅನುಮತಿ ಕೇಳಿದವರನ್ನು ಈವರೆಗೆ ಕಂಡಿಲ್ಲ ಎಂದು ಹೇಳಿ ಹೋದರು.

೫. ಅಮಾವಾಸ್ಯೆಯ ಭೇಟಿ

ಬುಕ್ಕಸಾಗರದ ಒಬ್ಬ ರೈತರು, ಭತ್ತ ಬೆಳೆಯುವವರು. ದೊಡ್ಡ ಕರುಳಿನ ಗಡ್ಡೆ. ಗುಣವಾಗಿ ಮನೆಗೆ ಹೋದರು. ಒಂದು ತಿಂಗಳಿಗೆ ಬಂದು ನನ್ನ ಎದುರು ಕುಳಿತು ಕೇಳಿದರು:

"ನಂದು ಹೆಂಗೈತ್ರಿ?"

ನಿಮ್ಮ ಆರೋಗ್ಯವನ್ನು ವೈದ್ಯರು ಹೇಳಬೇಕು ಎಂದೆ. ತಾವು ಕೇಳಿದ್ದು ತಮ್ಮ ವಿಷಯವಲ್ಲ, ಒಳಗಿರುವುದರ ವಿಷಯ ಎಂದರು. ಚೆನ್ನಾಗಿದೆ ಎಂದೆ. ಸಮಾಧಾನದಿಂದ ಎದ್ದು ಹೋದರು. ಮುಂದಿನ ಅಮಾವಾಸ್ಯೆಗೆ ಮತ್ತೆ ಬಂದರು. ಅಮಾವಾಸ್ಯೆಯಂದು ಅವರಲ್ಲಿ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಎತ್ತಿಗೆ ರಜೆ, ಆದ್ದರಿಂದ ಇವರಿಗೂ. ದಾನಿಗಳು ಭೇಟಿಗೆ ಬರಬಹುದೋ ಬಾರದೋ ಎಂಬ ನಿಯಮವೇ ಇರಲಿಲ್ಲ. ನಾನೇ ಒಂದು ಮಾಡಿದೆ: ಐದು ನಿಮಿಷ; ಮುಟ್ಟಕೂಡದು.

ಮೂರನೆಯ ಭೇಟಿಯಲ್ಲಿ ಫ್ರೀಜರಿನ ಮುಂಭಾಗದಲ್ಲಿ ಹೊಳೆಯುವ ಅಂಕಿಯನ್ನು ತೋರಿಸಿ ಏನದು ಎಂದರು. ಮೈನಸ್ ಎಂಬತ್ತು ಎಂದರೆ ಎಷ್ಟು ತಂಪು ಎಂದು ವಿವರಿಸಿದೆ. ವಿವರಿಸಬಾರದಿತ್ತು. ನಾಲ್ಕನೆಯ ಅಮಾವಾಸ್ಯೆಗೆ ಹೆಗಲ ಮೇಲೆ ಒಂದು ದೊಡ್ಡ ಕರಿಯ ಕಂಬಳಿ ಹೊತ್ತು ಬಂದು, ಒಳಗಿರುವುದಕ್ಕೆ ಹೊದಿಸಿ ಎಂದರು. ನಿಯಮ ಹನ್ನೊಂದು ಎಂದೆ. ಕಂಬಳಿ ಹೊತ್ತು ಮರಳಿದರು. ಐದನೆಯ ಅಮಾವಾಸ್ಯೆಗೆ ಮತ್ತೆ ತಂದರು, ಮತ್ತೆ ಕಳುಹಿಸಿದೆ. ಇದೇ ಒಂದು ಕ್ರಮವಾಗಿಹೋಯಿತು.

ಮಾಗಿಯ ಚಳಿಯಲ್ಲಿ ಒಮ್ಮೆ, ಅಮಾವಾಸ್ಯೆ ಅಲ್ಲದ ದಿನ, ಮೂಗು ಒರೆಸಿಕೊಳ್ಳುತ್ತಾ ಬಂದರು. ಎರಡು ದಿನದಿಂದ ಸೀನು ನಿಂತಿಲ್ಲವಂತೆ. ವೈದ್ಯರ ಕೋಣೆ ಆ ಕಡೆ ಎಂದು ತೋರಿಸಿದೆ. ಅವರು ಅಲುಗಲಿಲ್ಲ. ಅಂಕಿಯನ್ನೇ ನೋಡುತ್ತಾ ಕೇಳಿದರು:

"ಖರೇ ಹೇಳ್ರಿ. ಮೊನ್ನೆ ಏನಾರ ಇನ್ನೊಂದೀಟು ತಂಪು ಮಾಡಿದ್ರೇನು?"

೬. ಗ್ರಹಣ

ತಪಾಸಣೆಗೆ ಒಂದು ತಿಂಗಳು ಉಳಿದಿತ್ತು. ಅಂದು ಮಧ್ಯಾಹ್ನ ಸೂರ್ಯಗ್ರಹಣ. ನನಗೆ ಕಂಪ್ಲಿಯಲ್ಲಿ ಎರಡು ಒಪ್ಪಿಗೆ ಪತ್ರಗಳ ಕೆಲಸ. ಮುಗಿಸಿ ಬಸ್ಸು ಹತ್ತಿ ಕುಳಿತೆ. ಬಸ್ಸು ಹೊರಡಲಿಲ್ಲ. ಕಿಟಕಿಗಳನ್ನೆಲ್ಲ ಮುಚ್ಚಿದರು. ನಾನು ಇಳಿದು ಚಾಲಕನಿಗೆ ವೇಳಾಪಟ್ಟಿ ತೋರಿಸಿದೆ. ಚಾಲಕ ನನಗೆ ಆಕಾಶ ತೋರಿಸಿದ; ತಾನು ನೋಡದೆ, ಬೆರಳು ಮಾತ್ರ ಮೇಲೆತ್ತಿ.

ಅಷ್ಟರಲ್ಲಿ ನಮ್ಮ ತಂತ್ರಜ್ಞನ ದೂರವಾಣಿ ಬಂತು. ಅವನು ಎರಡು ಮಕ್ಕಳ ತಂದೆ, ಕೆಲಸ ಬಲ್ಲವನು, ಒಂದೇ ದೋಷ: ಮುಚ್ಚಿದ್ದನ್ನು ತೆರೆದು ನೋಡುವ ಚಟ. ಬಾಗಿಲು ಹಾಕಿದ ಮೇಲೂ ಫ್ರಿಜ್ಜಿನೊಳಗೆ ದೀಪ ಉರಿಯುತ್ತದೋ ಎಂದು ಮನೆಯಲ್ಲಿ ದಿನಕ್ಕೆರಡು ಸಲ ತೆರೆದು ನೋಡುತ್ತಾನೆಂದು ಅವನ ಹೆಂಡತಿಯೇ ಹೇಳಿದ್ದಳು. ಅವನು ಹೇಳಿದ್ದು: ಕರೆಂಟು ಹೋಗಿದೆ. ಜನರೇಟರ್ ನಡೆಸುವವನು ಗ್ರಹಣ ಬಿಡುವವರೆಗೆ ಮನೆಯಿಂದ ಹೊರಬರುವುದಿಲ್ಲವಂತೆ. ಬ್ಯಾಟರಿಯಲ್ಲಿ ಉರಿಯುವ ಫ್ರೀಜರಿನ ಅಂಕಿ ಏರುತ್ತಿದೆ. ಮುಚ್ಚಳ ತೆಗೆದು ಒಳಗೆ ಹೇಗಿದೆಯೆಂದು ನೋಡುತ್ತೇನೆ. ನೋಡಬೇಡ, ಮುಚ್ಚಳ ಮುಟ್ಟಬೇಡ ಎಂದು ನಾನು ಹೇಳುವಷ್ಟರಲ್ಲಿ ಅವನ ಮೊಬೈಲು ಸತ್ತಿತು. ಆಸ್ಪತ್ರೆಗೆ ಮಾಡಿದ ಕರೆಯನ್ನೂ ಗ್ರಹಣದ ಹೊತ್ತಿನಲ್ಲಿ ಯಾರೂ ಎತ್ತಲಿಲ್ಲ.

ಮೈನಸ್ ಅರವತ್ತು ದಾಟಿದರೆ ಮಾದರಿಗಳು ಕೆಟ್ಟವೆಂದೇ ಲೆಕ್ಕ. ಮುಚ್ಚಳ ಒಂದೊಂದು ಸಲ ತೆರೆದಾಗಲೂ ಅಂಕಿ ಜಿಗಿಯುತ್ತದೆ. ಹನ್ನೊಂದು ತಿಂಗಳ ಕೆಲಸ, ಮೂರು ತಾಲ್ಲೂಕುಗಳ ಜನ ಕೊಟ್ಟದ್ದು, ಆ ಒಬ್ಬನ ಕೈಯ ಕೆಳಗಿತ್ತು. ನಾನು ಕಂಪ್ಲಿಯ ಬಸ್ಸಿನಲ್ಲಿ ಎರಡು ಗಂಟೆ ನೇರವಾಗಿ ಕುಳಿತಿದ್ದೆ. ಪಕ್ಕದ ಹೆಂಗಸು ನನ್ನ ಮುಖ ನೋಡಿ, ಗ್ರಹಣ ನಿಮ್ಮ ರಾಶಿಗೇ ಹಿಡಿದಿದೆಯೇನು ಎಂದು ಕನಿಕರದಿಂದ ಕೇಳಿದಳು.

ಅತ್ತ ಕೋಣೆಯಲ್ಲಿ ನಡೆದದ್ದನ್ನು ಪರಿಚಾರಕ ನನಗೆ ವರದಿ ಮಾಡಿದ. ಅವನು ಸುಳ್ಳು ಹೇಳುವವನಲ್ಲ ಎಂಬುದು ಚೆಕ್‌ಪೋಸ್ಟಿನಲ್ಲೇ ರುಜುವಾಗಿದೆ.

ಗ್ರಹಣದ ದಿನ ಗುಡಿಯ ಬಾಗಿಲು ಹಾಕಿರುತ್ತಾರೆ, ಅರ್ಚಕರಿಗೆ ಬಿಡುವು. ನಾನು ಊರಲ್ಲಿಲ್ಲ ಎಂಬುದನ್ನು ತಿಳಿದುಕೊಂಡೇ ಅವರು ಗ್ರಹಣ ಹಿಡಿಯುವ ಮೊದಲು ಬಂದು, ಫ್ರೀಜರಿನ ಮುಚ್ಚಳದ ಮೇಲೆ ಎರಡೆಳೆ ದರ್ಭೆ ಇಟ್ಟು, ಪಕ್ಕದಲ್ಲಿ ಕುಳಿತು ಜಪ ಹಿಡಿದಿದ್ದರು. ಸೂರ್ಯಗ್ರಹಣ ಬರುವುದು ಅಮಾವಾಸ್ಯೆಯಂದೇ. ಆದ್ದರಿಂದ ಬುಕ್ಕಸಾಗರದ ರೈತರೂ ಕಂಬಳಿ ಸಮೇತ ಬಂದು ಇನ್ನೊಂದು ಪಕ್ಕದಲ್ಲಿ ಕುಳಿತಿದ್ದರು. ಹಿಂದಕ್ಕೆ ಕಳುಹಿಸಲು ನಾನಿರಲಿಲ್ಲ.

ತಂತ್ರಜ್ಞ ಮುಚ್ಚಳಕ್ಕೆ ಕೈ ಹಾಕಿದ. ಅರ್ಚಕರು ಜಪ ನಿಲ್ಲಿಸಿದರು.

"ಕೈ ತೆಗಿ. ದರ್ಭೆ ಇಟ್ಟ ಮ್ಯಾಲೆ ಗ್ರಹಣ ಬಿಡೋತನಕ ಮುಚ್ಚಳ ಎತ್ತಂಗಿಲ್ಲ."

ಇದು ವಿಜ್ಞಾನ, ನಿಮಗೆ ತಿಳಿಯುವುದಿಲ್ಲ ಎಂದ ತಂತ್ರಜ್ಞ.

"ನಿನ್ನ ವಿಜ್ಞಾನ ಕರೆಂಟಿನ ಜೊತಿಗೇ ಹೋಗ್ಯದ. ಅದು ಬರಲಿ, ಮಾತಾಡೋಣು. ಅಲ್ಲೀತನ ಕುಂದ್ರು."

ರೈತರು ಅಂಕಿಯನ್ನು ನೋಡುತ್ತಿದ್ದರು. ಎಂಬತ್ತು ಇದ್ದದ್ದು ಎಪ್ಪತ್ತೈದಾಗಿತ್ತು. 'ಒಳಗಿನ ತಂಪು ಹೊರಗ ಹೊಂಟೈತಿ. ಐಸ್‌ಕ್ಯಾಂಡಿ ಮಾರೋನೂ ಡಬ್ಬಿಗೆ ಗೋಣಿತಾಟು ಸುತ್ತಿರ್ತಾನ' ಎಂದು ಹೇಳಿ ಕಂಬಳಿ ಬಿಚ್ಚಿದರು. ತಮ್ಮ ದರ್ಭೆಯ ಮೇಲೆ ಕಂಡವರ ಬಟ್ಟೆ ಬೀಳುವುದನ್ನು ಅರ್ಚಕರು ಒಪ್ಪುವರೋ ಎಂದು ಪರಿಚಾರಕ ಹೆದರಿದ. ಅರ್ಚಕರು ಕಂಬಳಿಯನ್ನು ಮುಟ್ಟಿ ನೋಡಿ, ಉಣ್ಣೆಗೆ ಮೈಲಿಗೆ ಇಲ್ಲ ಎಂದು ತೀರ್ಪು ಕೊಟ್ಟು, ಒಂದು ತುದಿ ಹಿಡಿದರು. ಇಬ್ಬರೂ ಸೇರಿ ಫ್ರೀಜರನ್ನು ಸುತ್ತಿ, ದರ್ಭೆಯನ್ನು ಕಂಬಳಿಯ ಮೇಲೆ ಮರಳಿ ಇಟ್ಟರು. ತಂತ್ರಜ್ಞ ಹತ್ತು ನಿಮಿಷಕ್ಕೊಮ್ಮೆ ಏಳುತ್ತಿದ್ದ. ಹತ್ತು ನಿಮಿಷಕ್ಕೊಮ್ಮೆ ಕುಳ್ಳಿರಿಸುತ್ತಿದ್ದರು.

ನಾನು ತಲುಪಿದಾಗ ಅಂಕಿ ಮೈನಸ್ ಅರವತ್ತಾರು. ನನ್ನ ಹಿಂದೆಯೇ ಜನರೇಟರಿನವನು ಬಂದ. ಗ್ರಹಣ ಬಿಟ್ಟ ಮೇಲೆ ಸ್ನಾನ ಮುಗಿಸಿ, ಒದ್ದೆ ತಲೆಯಲ್ಲಿ, ಊದಿನಕಡ್ಡಿ ಸಮೇತ. ಕೆಡಿಸಲು ಹೊರಟದ್ದು ಗ್ರಹಣ, ಕಾಯ್ದದ್ದೂ ಗ್ರಹಣ. ನಾನು ನಾಲ್ವರನ್ನೂ ಸಾಲಾಗಿ ನಿಲ್ಲಿಸಿ ಬೈದೆ. ಅರ್ಚಕರನ್ನೂ ರೈತರನ್ನೂ ಸ್ವಲ್ಪ ಮೆಲ್ಲಗೆ.

೭. ತಪಾಸಣೆ

ನಿಯಮ ಹನ್ನೆರಡು: ಫ್ರೀಜರಿನ ಮೇಲೆ ಅನುಮತಿ ಇಲ್ಲದೆ ಏನಾದರೂ ಇಟ್ಟಿದ್ದರೆ, ಏನು, ಎಷ್ಟು, ಎಷ್ಟು ಹೊತ್ತು ಎಂಬುದನ್ನು ಬರೆಯಬೇಕು. ಬರೆಯದೆ ಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ತಂತ್ರಜ್ಞ ಹಾಗೆಯೇ ಸೂಚಿಸಿದ. ಅವನನ್ನು ಮತ್ತೊಮ್ಮೆ ಬೈದು, ಬರೆದೆ. ಕಂಬಳಿ, ಕುರಿಯ ಉಣ್ಣೆಯದು, ಕರಿ, ಒಂದು. ದರ್ಭೆ, ಎರಡು ಎಳೆ. ಅವಧಿ: ಗ್ರಹಣ ಸ್ಪರ್ಶದಿಂದ ಮೋಕ್ಷದವರೆಗೆ.

ತಪಾಸಣೆಗೆ ಬಂದವರು ಜಾಲದ ಒಬ್ಬ ವಿಜ್ಞಾನಿ, ನಡುವಯಸ್ಸಿನ ಮಹಿಳೆ. ಪೆನ್ನನ್ನು ಮೇಜಿನ ಅಂಚಿಗೆ ಸಮನಾಗಿ ಇಟ್ಟರು. ನನಗೆ ಭರವಸೆಯೂ ಬಂತು, ಭಯವೂ ಆಯಿತು. ಚೆಕ್‌ಪೋಸ್ಟಿನ ಮೊಹರಿರುವ ನಮೂನೆಗಳನ್ನು ಗುರುತು ಹಾಕಿ ದಾಟಿದರು. ಗ್ರಹಣದ ಪುಟಕ್ಕೆ ಬಂದು ನಿಂತರು. ಬಹಳ ಹೊತ್ತು ಓದಿದರು. ನಾನು ಎದ್ದು ನಿಂತೇ ಇದ್ದೆ. ಫ್ರೀಜರನ್ನು ಸಾಗಿಸಲು ಲಾರಿ ಬೇಕಾದೀತೋ ಟೆಂಪೋ ಸಾಕೋ ಎಂದು ಯೋಚಿಸುತ್ತಿದ್ದೆ.

ಮೂರೂವರೆ ಗಂಟೆ ಕರೆಂಟಿಲ್ಲ, ಮುಚ್ಚಳ ಒಮ್ಮೆಯೂ ತೆರೆದಿಲ್ಲ ಎಂಬುದು ನಿಜವೇ ಎಂದು ಕೇಳಿದರು. ನಿಜ ಎಂದೆ. ಜಾಲದ ಬೇರೆ ಕೇಂದ್ರಗಳಲ್ಲಿ ಕರೆಂಟು ಹೋದರೆ ಎಲ್ಲರೂ ಮೊದಲು ಮಾಡುವುದು ಮುಚ್ಚಳ ತೆಗೆದು ನೋಡುವುದು ಎಂದು ನಿಟ್ಟುಸಿರಿಟ್ಟರು. ತಡೆಯಲು ಸುತ್ತೋಲೆ ಕಳುಹಿಸಿ ಸಾಕಾಗಿದೆಯಂತೆ. ಆಮೇಲೆ ಪೆನ್ನು ತೆಗೆದುಕೊಂಡು ಬರೆದರು: ಮಾದರಿಗಳು ಸುರಕ್ಷಿತ, ಕೇಂದ್ರವನ್ನು ಕಾಯಂ ಮಾಡಬಹುದು, ಆಕ್ಷೇಪಣೆ ಎರಡು.

ಮೊದಲ ಆಕ್ಷೇಪಣೆ: ದರ್ಭೆಗೆ ಬ್ಯಾಚ್ ಸಂಖ್ಯೆಯೂ ಅವಧಿ ಮುಗಿಯುವ ದಿನಾಂಕವೂ ಇಲ್ಲ. ಭಂಡಾರದಲ್ಲಿ ಬಳಸುವ ಪ್ರತಿ ಸಾಮಗ್ರಿಗೂ ಅವು ಇರಬೇಕು. ನಾನು ಅರ್ಚಕರಿಗೆ ಹೇಳಿ ಕಳುಹಿಸಿದೆ. ಅವರು ಕ್ಷಣವೂ ತಡೆಯಲಿಲ್ಲ. ಶ್ರಾವಣದ ಅಮಾವಾಸ್ಯೆಯಂದು ಕಿತ್ತದ್ದು. ಹಾಗೆ ಕಿತ್ತ ದರ್ಭೆಗೆ ಪೂರಾ ಒಂದು ವರ್ಷ ಆಯುಷ್ಯ. ನದಿಯ ಯಾವ ದಂಡೆಯದೆಂದೂ ಹೇಳಬಲ್ಲರು. ನಮಗೆ ರಾಸಾಯನಿಕ ಪೂರೈಸುವವರು ಇಷ್ಟು ಚೊಕ್ಕವಾಗಿ ಒಮ್ಮೆಯೂ ಉತ್ತರಿಸಿಲ್ಲ.

ಎರಡನೆಯ ಆಕ್ಷೇಪಣೆ: ತುರ್ತು ಸಮಯದಲ್ಲಿ ಫ್ರೀಜರನ್ನು ನಿಭಾಯಿಸಿದವರು ತರಬೇತಿ ಪಡೆದವರಾಗಿರಬೇಕು, ಅವರ ಪ್ರಮಾಣಪತ್ರ ಕೋಣೆಯ ಗೋಡೆಯ ಮೇಲೆ ಇರಬೇಕು. ನಿಯಮ ನಿಯಮವೇ. ಅರ್ಚಕರನ್ನೂ ರೈತರನ್ನೂ ಕರೆಸಿ, ಒಂದು ಗಂಟೆ ಪಾಠ ಹೇಳಿ, ಪರೀಕ್ಷೆ ಮಾಡಿದೆ. ತಂತ್ರಜ್ಞನನ್ನೂ ಕೂರಿಸಿದೆ. ಅವರಿಬ್ಬರು ತೇರ್ಗಡೆಯಾದರು. ತಂತ್ರಜ್ಞ ಮರುಪರೀಕ್ಷೆಗೆ ಕುಳಿತ. ಇಬ್ಬರ ಪ್ರಮಾಣಪತ್ರಗಳನ್ನು ಕಟ್ಟು ಹಾಕಿಸಿ ಫ್ರೀಜರಿನ ಮೇಲ್ಗಡೆ ತೂಗುಹಾಕಿದೆ. ದಾನಿಗಳೆಂದಲ್ಲ, ತುರ್ತು ಸಿಬ್ಬಂದಿ ಎಂದು. ಆದ್ದರಿಂದ ನಿಯಮ ಮೂರು ಅನ್ವಯಿಸುವುದಿಲ್ಲ. ದಪ್ಪ ಅಕ್ಷರದಲ್ಲಿ, ತಂದೆಯ ಹೆಸರಿನ ಸಮೇತ.

ಮರುವಾರ ಸಂಡೂರಿನ ಫೋರ್‌ಮನ್ ವೈದ್ಯರಿಗೆ ಕುತ್ತಿಗೆ ತೋರಿಸಲು ಬಂದರು. ರೂಢಿಯಂತೆ ಮೊದಲು ನನ್ನ ಕೋಣೆಗೆ ಬಂದು ಗೋಡೆಗಳನ್ನು ನೋಡಿದರು. ಮೊದಲ ಗೋಡೆ, ಎರಡನೆಯ ಗೋಡೆ. ಮೂರನೆಯದರ ಮುಂದೆ ನಿಂತರು. ಎರಡು ಚೌಕಟ್ಟುಗಳನ್ನೂ ತುಟಿಯಾಡಿಸಿ ಓದಿದರು. ಇವರು ಏನು ಕೊಟ್ಟವರು ಎಂದು ಕೇಳಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಒಬ್ಬರು ದರ್ಭೆ ಇಟ್ಟರು, ಒಬ್ಬರು ಕಂಬಳಿ ಹೊದಿಸಿದರು.

ಮೊದಲ ಸಲ ಅವರ ದನಿ ಇಳಿದದ್ದನ್ನು ಕೇಳಿದೆ.

"ಅಂದ್ರ ಒಬ್ಬಾವ ಹುಲ್ಲು ಕೊಟ್ಟ, ಹೆಸರು ಬಂತು. ಒಬ್ಬಾವ ಕಂಬಳಿ ಕೊಟ್ಟ, ಹೆಸರು ಬಂತು. ನಾನು ಕುತ್ತಿಗಿ ಕುಯ್ಸಿಕೊಂಡು ಕೊಟ್ಟೀನಿ, ನನಗ ನಂಬರ." ಫ್ರೀಜರಿನ ಕಡೆ ಕೈ ಚಾಚಿದರು. "ನಂದು ನನಗ ವಾಪಸ್ ಕೊಡ್ರಿ ಅಮ್ಮಾರ. ನಾನೂ ಒಂದು ಕಂಬಳಿ ತರ್ತೀನಿ."

ವಾಪಸು ಪಡೆಯುವುದು ಅವರ ಹಕ್ಕು. ನಾಲ್ಕನೆಯ ಪುಟದಲ್ಲಿ ನಾನೇ ಓದಿ ಹೇಳಿದ್ದೆ. ಇವರು ಒಯ್ದರೆ ನಾಳೆ ಇಡೀ ಸಂಡೂರು ಬಂದು ತಂತಮ್ಮದನ್ನು ಒಯ್ಯುತ್ತದೆ. ಫ್ರೀಜರ್ ಈಗ ನಮ್ಮದೇ. ಒಳಗಿನದು ಖಾಲಿಯಾದರೆ ಅದನ್ನು ಇಟ್ಟುಕೊಂಡು ಏನು ಮಾಡಲಿ? ಗ್ರಂಥಿ ಇಲ್ಲೇ ಇರಲಿ, ಕಂಬಳಿಯನ್ನೂ ತನ್ನಿ, ಎರಡನೆಯ ಕಂಬಳಿಗೆ ಜಾಗವಿದೆ ಎಂದೆ. ಎರಡೇ ದಿನಕ್ಕೆ ತಂದರು. ಒಳ್ಳೆಯ ಕಂಬಳಿ. ಸ್ವೀಕರಿಸಿ, ರಶೀದಿ ಬರೆದು, ದಾಖಲೆಗೆ ಸೇರಿಸಿದೆ.

ಆದರೆ ಕಂಬಳಿ ಕೊಟ್ಟ ಮಾತ್ರಕ್ಕೆ ಯಾರೂ ತುರ್ತು ಸಿಬ್ಬಂದಿಯಾಗುವುದಿಲ್ಲ, ಇವರು ಗ್ರಹಣದಲ್ಲಿ ಫ್ರೀಜರ್ ಕಾದವರಲ್ಲ; ದಾನಿ ದಾನಿಯೇ, ನಿಯಮ ಮೂರು. ಹೆಸರು ಹಾಕಲಿಲ್ಲ. ಕಂಬಳಿಯ ಅಂಚಿಗೆ ಅವರ ಥೈರಾಯ್ಡಿನ ಸಂಕೇತ ಸಂಖ್ಯೆಯನ್ನೇ ಕೆಂಪು ದಾರದಲ್ಲಿ ಹೊಲಿದೆ.